ವೆಸಿಕಲ್ ಪ್ರಯೋಗಗಳು: ಸೊನ್ನೆಗಳನ್ನೂ ಎಣಿಸಬೇಕು

ನರದ ತುದಿಯಿಂದ, ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಪೊಟ್ಟಣ ಪೊಟ್ಟಣವಾಗಿ ಬೀಳುತ್ತದೆ ಅಂತ ಪುಸ್ತಕ ಒಂದೇ ಸಾಲಲ್ಲಿ ಮುಗಿಸಿಬಿಡುತ್ತದೆ. ಅದು ಗೊತ್ತಾಗಿದ್ದು ಹೇಗೆ ಅನ್ನೋದಕ್ಕೆ ಈ ಟಿಪ್ಪಣಿ. (ವೆಸಿಕಲ್ ಅಂದ್ರೆ ನರದ ತುದಿಯೊಳಗಿರುವ, ಪೊರೆ ಸುತ್ತಿದ ಪುಟ್ಟ ಚೀಲ.)

1952ರಲ್ಲಿ ಫ್ಯಾಟ್ ಮತ್ತು ಕಾಟ್ಸ್ ಕಪ್ಪೆಯ ಸ್ನಾಯುವಿನಲ್ಲಿ, ನರ ಸುಮ್ನೆ ಇದ್ದಾಗಲೂ, ಸುಮಾರು ಅರ್ಧ ಮಿಲಿವೋಲ್ಟಿನ ಪುಟ್ಟ ಮಿಡಿತಗಳನ್ನು ಕಂಡರು. ಇವನ್ನು ಮಿನಿ ಅನ್ನೋಣ. 1954ರಲ್ಲಿ ಡೆಲ್ ಕಾಸ್ಟಿಯೊ ಮತ್ತು ಕಾಟ್ಸ್ ಕ್ಯಾಲ್ಸಿಯಂ ಇಳಿಸಿ, ಮೆಗ್ನೀಸಿಯಂ ಏರಿಸಿ, ಅಂದ್ರೆ ಬಿಡುಗಡೆಯನ್ನು ತೀರಾ ಕಡಿಮೆ ಮಾಡಿ, ನರಕ್ಕೆ ಶಾಕ್ ಕೊಟ್ಟರು. ಉತ್ತರ ಒಂದು ಮಿನಿಯಷ್ಟು, ಎರಡರಷ್ಟು, ಮೂರರಷ್ಟು ಬಂತು. ಕೆಲವು ಸಲ ಏನೂ ಬರಲಿಲ್ಲ.

ಎಲ್ಲರೂ ಸಿಕ್ಕಿಹಾಕಿಕೊಳ್ಳೋದು ಇಲ್ಲೇ, ನಿಧಾನವಾಗಿ ನೋಡಿ. ಒಂದು ಶಾಕಿಗೆ ಸರಾಸರಿ ಎಷ್ಟು ಪೊಟ್ಟಣ ಅನ್ನೋದನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕಬಹುದು. ಉದಾಹರಣೆಗೆ 200 ಶಾಕ್ ಕೊಟ್ಟಿದ್ದೀವಿ, 74 ಸಲ ಉತ್ತರವೇ ಇಲ್ಲ ಅಂತಿಟ್ಟುಕೊಳ್ಳಿ. ಪ್ವಾಸಾನ್ ಲೆಕ್ಕದಲ್ಲಿ (ಅಪರೂಪಕ್ಕೆ, ಬಿಡಿಬಿಡಿಯಾಗಿ ಆಗುವ ಘಟನೆಗಳ ಸಂಭವನೀಯತೆಯ ಸೂತ್ರ ಅದು) 200ನ್ನು 74ರಿಂದ ಭಾಗಿಸಿ ನ್ಯಾಚುರಲ್ ಲಾಗ್ ತೆಗೆದರೆ ಸರಿಸುಮಾರು 1. (ನೂರಕ್ಕೆ 37 ಸಲ ಸೊನ್ನೆ ಅಂದ್ರೆ ಸರಾಸರಿ 1, ಇಷ್ಟು ಬಾಯಿಪಾಠ ಇದ್ದರೆ ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬೇಡ.) ಈ ದಾರಿಯಲ್ಲಿ ಒಂದು ವೋಲ್ಟೇಜನ್ನೂ ಅಳೆದಿಲ್ಲ, ಬರೀ ಸೊನ್ನೆ ಎಣಿಸಿದ್ದು. ಎರಡನೇ ದಾರಿಯಲ್ಲಿ ಉತ್ತರಗಳ ಸರಾಸರಿ ಎತ್ತರವನ್ನು ಮಿನಿಯ ಸರಾಸರಿ ಎತ್ತರದಿಂದ ಭಾಗಿಸಬೇಕು. ಈ ಸರಾಸರಿಯಲ್ಲಿ ಆ 74 ಸೊನ್ನೆಗಳೂ ಸೇರಲೇಬೇಕು! ಅವನ್ನು ಬಿಟ್ಟು ಉಳಿದ 126ರ ಸರಾಸರಿ ತೆಗೆದರೆ 1 ಬರಬೇಕಾದ ಕಡೆ 1.6 ಬರುತ್ತದೆ, ಆಮೇಲೆ ಪ್ವಾಸಾನ್ನೇ ತಪ್ಪು ಅಂತ ತಲೆ ಕೆಡುತ್ತದೆ. ಸೇರಿಸಿದರೆ ಎರಡೂ ದಾರಿಯ ಉತ್ತರ ಒಂದೇ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಳತೆ ಕೂಡಿಬಂತಲ್ವಾ, ಸಾಕ್ಷ್ಯ ಅಂದ್ರೆ ಅದೇ.

ಆದರೆ ಇದೆಲ್ಲ ಕರೆಂಟಿನ ಲೆಕ್ಕ. ಪೊಟ್ಟಣವೇ ವೆಸಿಕಲ್ ಅಂತ ಇನ್ನೂ ತೋರಿಸಿಲ್ಲ. 1979ರಲ್ಲಿ ಹ್ಯೂಸರ್, ರೀಸ್ ತಂಡ ಶಾಕ್ ಕೊಟ್ಟ ಕೆಲವೇ ಮಿಲಿಸೆಕೆಂಡಿನಲ್ಲಿ ಸ್ನಾಯುವನ್ನು, ದ್ರವ ಹೀಲಿಯಂನಿಂದ ತಣ್ಣಗಾದ ತಾಮ್ರದ ತುಂಡಿಗೆ ಅಪ್ಪಳಿಸಿ ಹೆಪ್ಪುಗಟ್ಟಿಸಿತು. ಪೊರೆಗೆ ತೆರೆದುಕೊಂಡಿದ್ದ ವೆಸಿಕಲ್‌ಗಳ ಎಣಿಕೆ ಪೊಟ್ಟಣಗಳ ಎಣಿಕೆಗೆ ಹೊಂದಿಕೊಂಡಿತು.

ಬಿಡುಗಡೆಯಾದ ಮೇಲೆ ವೆಸಿಕಲ್ ಪೊರೆ ನರದೊಳಕ್ಕೆ ವಾಪಸ್ ಬರುವ ಕಥೆ ಚಿಕ್ಕದಾಗಿ. 1973ರಲ್ಲಿ ಹ್ಯೂಸರ್ ಮತ್ತು ರೀಸ್ ಹೊರಗಿನ ದ್ರವಕ್ಕೆ ಪೆರಾಕ್ಸಿಡೇಸ್ ಎಂಜೈಮ್ ಹಾಕಿ ನರವನ್ನು ಕೆರಳಿಸಿದರು. ಆಮೇಲೆ ನೋಡಿದರೆ ಅದರ ಕಪ್ಪು ಗುರುತು ವೆಸಿಕಲ್ ಒಳಗೇ ಇತ್ತು. ಹೊರಗಿಂದ ಪೊರೆ ಒಳಕ್ಕೆ ಬಂದಿದೆ ಅಂತಾಯಿತು. ಅದೇ ವರ್ಷ ಚೆಕರೆಲ್ಲಿ ತಂಡ ಇನ್ನೂ ನಿಧಾನವಾಗಿ ಕೆರಳಿಸಿ, ವೆಸಿಕಲ್ ಪೊರೆಯಲ್ಲಿ ಪೂರ್ತಿ ಬೆರೆಯದೆ ಬಾಯಿ ತೆರೆದು ಮುಚ್ಚಿ ವಾಪಸಾಗಬಹುದು ಎಂದಿತು. ಜಗಳ ದಶಕಗಟ್ಟಲೆ ನಡೆಯಿತು.

ನನಗೆ ಜಾಸ್ತಿ ಇಷ್ಟವಾದದ್ದು ಹಣ್ಣುನೊಣ. ಶಿಬಿರೆ ಎಂಬ ತಳಿಯನ್ನು 29 ಡಿಗ್ರಿ ದಾಟಿಸಿದರೆ ಬಿದ್ದುಬಿಡುತ್ತದೆ, ತಣ್ಣಗಾದರೆ ಎದ್ದು ಓಡಾಡುತ್ತದೆ. ಪೊರೆಯನ್ನು ಚಿವುಟಿ ಬಿಡಿಸುವ ಡೈನಮಿನ್ ಎಂಬ ಪ್ರೋಟೀನ್ ಬಿಸಿಗೆ ಕೈಕೊಡುತ್ತದೆ, ಬಿಡುಗಡೆ ಮಾತ್ರ ನಡೆಯುತ್ತಲೇ ಇರುತ್ತದೆ. ಹಾಗಾಗಿ ನರದ ತುದಿ ಖಾಲಿ. ಇದರ ಜೊತೆಗೇ ಓದಬೇಕಾದದ್ದು ಕೊಮಟೋಸ್ ತಳಿ. ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟಿದ ಒಬೈದ್ ಸಿದ್ದೀಕಿ, ಸೀಮರ್ ಬೆಂಜರ್ ಜೊತೆ 1976ರಲ್ಲಿ ಅದರ ಬಗ್ಗೆ ಬರೆದಿದ್ದರು. ಬಿಸಿಗೆ ಅದೂ ಬೀಳುತ್ತದೆ, ಆದರೆ ಅದರಲ್ಲಿ ಕೆಡುವುದು, ವೆಸಿಕಲ್ ಪೊರೆಗೆ ಬೆರೆಯಲು ಬೇಕಾದ ಎನ್‌ಎಸ್‌ಎಫ್ ಪ್ರೋಟೀನ್. ಅಲ್ಲಿ ವೆಸಿಕಲ್ ಖಾಲಿಯಾಗುವುದಿಲ್ಲ, ಪೊರೆಯ ಹತ್ತಿರ ಬಂದು ಜಮಾಯಿಸುತ್ತದೆ.