ತಿಮಿಂಗಿಲದ ಸಾವು ಮತ್ತು ಗುಳ್ಳೆಗಳ ಗೋಡೆ

2022ರ ಡಿಸೆಂಬರಿನಿಂದ ಕೆಲವೇ ವಾರಗಳಲ್ಲಿ ಅಮೆರಿಕದ ನ್ಯೂಜೆರ್ಸಿ, ನ್ಯೂಯಾರ್ಕ್ ತೀರಗಳಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಳೇಬರಗಳು ಒಂದರ ಹಿಂದೊಂದು ಬಂದು ಬಿದ್ದವು. ಕಡಲಿನಲ್ಲಿ ವಿದ್ಯುತ್ತಿನ ಗಾಳಿಯಂತ್ರ ನಿಲ್ಲಿಸಲು ಹೊರಟವರೇ ಇವನ್ನು ಕೊಂದರು ಎಂಬ ಗುಲ್ಲು ಎದ್ದಿತು. ಆಗ ನ್ಯೂಜೆರ್ಸಿಯ ಕಡಲಿನಲ್ಲಿ ಗಾಳಿಯಂತ್ರದ ಒಂದು ಕಂಬವನ್ನೂ ನೆಟ್ಟಿರಲಿಲ್ಲ. ಅಲ್ಲಿದ್ದದ್ದು ಸದ್ದು ಹಾಯಿಸಿ ಸಮುದ್ರತಳವನ್ನು ಪರಿಶೀಲಿಸುವ ಸಮೀಕ್ಷೆಯ ಹಡಗುಗಳು. ತೈಲ ಹುಡುಕುವವರ ಏರ್‌ಗನ್, ಅಂದರೆ ಅದುಮಿದ ಗಾಳಿಯನ್ನು ನೀರಿನೊಳಗೆ ಸಿಡಿಸುವ ಸಾಧನ, ಸಮುದ್ರತಳದ ಕೆಳಗೆ ಕಿಲೋಮೀಟರುಗಟ್ಟಲೆ ಇಳಿಯುವ ಸದ್ದು ಮಾಡುತ್ತದೆ. ಈ ಹಡಗುಗಳಿಗೆ ತಳದ ಮೇಲ್ಪದರಗಳಷ್ಟೇ ಬೇಕಾದ್ದರಿಂದ ಅವುಗಳ ಸದ್ದು ಅದರ ಮುಂದೆ ತೀರಾ ಕ್ಷೀಣ.

ಹಂಪ್‌ಬ್ಯಾಕ್‌ಗಳ ಸಾವು ಹೆಚ್ಚಿದ್ದು 2016ರ ಜನವರಿಯಿಂದ. ಮರಣೋತ್ತರ ಪರೀಕ್ಷೆ ಸಾಧ್ಯವಾದವುಗಳಲ್ಲಿ ಸುಮಾರು ಶೇ 40ರಷ್ಟರ ಮೈಮೇಲೆ ಹಡಗು ಬಡಿದ ಅಥವಾ ಮೀನುಗಾರಿಕೆಯ ಹಗ್ಗ ಸುತ್ತಿಕೊಂಡ ಗುರುತುಗಳಿದ್ದವು. ಮೆನ್‌ಹೇಡನ್ ಮೀನುಗಳನ್ನು ಬೆನ್ನಟ್ಟಿ ತಿಮಿಂಗಿಲಗಳು ದಡದತ್ತ ಬರುತ್ತವೆ, ಹಡಗುಗಳ ದಾರಿಯೂ ಅದೇ.

ಹಾಗೆಂದು ಗಾಳಿಯಂತ್ರಗಳಿಂದ ತೊಂದರೆಯೇ ಇಲ್ಲ ಎನ್ನುವುದೂ ತಪ್ಪು. ಉಕ್ಕಿನ ಕಂಬವನ್ನು ತಳಕ್ಕೆ ಬಡಿದು ಇಳಿಸುವಾಗ ಏಳುವ ಸದ್ದು ಭಯಂಕರವಾದದ್ದು. ಯುರೋಪಿನ ಉತ್ತರ ಸಮುದ್ರದಲ್ಲಿ ಪಾರ್ಪಸ್ ಎಂಬ ಪುಟ್ಟ ಜಲಸಸ್ತನಿಗಳು ಈ ಕೆಲಸ ನಡೆಯುವಾಗ ಹತ್ತಾರು ಕಿಲೋಮೀಟರು ದೂರ ಓಡಿದ್ದು ದಾಖಲಾಗಿದೆ.

ಇದಕ್ಕೆ ಜರ್ಮನಿಯಲ್ಲಿ ಬಳಕೆಗೆ ಬಂದ ಉಪಾಯವನ್ನು ಎಷ್ಟು ಬಾರಿ ನೆನೆದರೂ ನನಗೆ ಬೆರಗು ತೀರುವುದಿಲ್ಲ. ಕಂಬದ ಸುತ್ತ ತಳದಲ್ಲಿ ತೂತು ಕೊರೆದ ಕೊಳವೆಯನ್ನು ಹಾಸಿ ಗಾಳಿ ತುಂಬುತ್ತಾರೆ. ಗುಳ್ಳೆಗಳ ಪರದೆಯೊಂದು ಮೇಲೇಳುತ್ತದೆ. ಸಮುದ್ರದ ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಗಾಳಿಯಲ್ಲಿ ಸುಮಾರು 340. ನೀರಿನಲ್ಲಿ ಶೇ 1ರಷ್ಟು ಗಾಳಿಯ ಗುಳ್ಳೆಗಳು ಬೆರೆತರೆ? ವೇಗ ಸುಮಾರು 120 ಮೀಟರಿಗೆ ಕುಸಿಯುತ್ತದೆ, ಬರೀ ಗಾಳಿಯಲ್ಲಿರುವುದಕ್ಕಿಂತಲೂ ಕಡಿಮೆ! ರೈಲಿನ ಬೋಗಿಗಳನ್ನು ಗಟ್ಟಿ ಸರಳಿನ ಬದಲು ಮೆತ್ತನೆಯ ಸ್ಪ್ರಿಂಗುಗಳಿಂದ ಜೋಡಿಸಿದಂತೆ ಇದು. ಬೋಗಿಗಳ ಭಾರ ಹಾಗೆಯೇ ಇದೆ, ಆದರೆ ಒಂದು ತುದಿಯಲ್ಲಿ ಕೊಟ್ಟ ತಳ್ಳು ಇನ್ನೊಂದು ತುದಿ ಮುಟ್ಟಲು ತಿಣುಕುತ್ತದೆ. ನೀರಿನ ಭಾರ, ಗಾಳಿಯ ಮೆತುತನ ಎರಡೂ ಒಂದೇ ಕಡೆ ಸೇರಿದಾಗ ಸದ್ದಿನ ಒಂದು ಪಾಲು ಪರದೆಗೆ ತಾಗಿ ಹಿಂದಕ್ಕೆ ತಿರುಗುತ್ತದೆ, ಮತ್ತೊಂದು ಪಾಲು ಗುಳ್ಳೆಗಳನ್ನು ಅದುಮಿ ಹಿಗ್ಗಿಸುವುದರಲ್ಲೇ ಸವೆದುಹೋಗುತ್ತದೆ.

ಆದರೆ ಈ ಪರದೆ ಕೀರಲು ಸದ್ದನ್ನು ತಡೆಯುವಷ್ಟು ಚೆನ್ನಾಗಿ ಮಂದ್ರ ಸದ್ದನ್ನು ತಡೆಯಲಾರದು. ಸುಮಾರು 380 ಮಾತ್ರ ಉಳಿದಿರುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಪರಸ್ಪರ ಕರೆಯುವುದು ಮಂದ್ರದಲ್ಲೇ. ಆದ್ದರಿಂದ ಅವು ಹೆಚ್ಚು ಓಡಾಡುವ ಜನವರಿಯಿಂದ ಏಪ್ರಿಲ್‌ವರೆಗೆ ಅಮೆರಿಕದ ಯೋಜನೆಗಳು ಕಂಬ ಬಡಿಯುವುದನ್ನು ನಿಲ್ಲಿಸಬೇಕಾಗುತ್ತದೆ.

ಹಡಗುಗಳ ಗದ್ದಲಕ್ಕೆ ಅಂಥ ಬಿಡುವಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಹಡಗು ಸಂಚಾರ ತಗ್ಗಿದಾಗ ಕೆನಡಾದ ಫಂಡಿ ಕೊಲ್ಲಿಯಲ್ಲಿ ಮಂದ್ರ ಸದ್ದು 6 ಡೆಸಿಬೆಲ್ ಇಳಿದಿತ್ತು. ರೈಟ್ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನೂ ಇಳಿದಿತ್ತು. ದಿನನಿತ್ಯದ ಸಂಚಾರವೇ ಅವುಗಳನ್ನು ಎಷ್ಟು ಹಿಂಡುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ರೈಟ್ ತಿಮಿಂಗಿಲಗಳಿಗೆ ಹಡಗು ಬಡಿಯುವುದನ್ನು ತಗ್ಗಿಸಲು, 65 ಅಡಿ ಅಥವಾ ಅದಕ್ಕಿಂತ ಉದ್ದದ ಹಡಗುಗಳು ಗೊತ್ತುಪಡಿಸಿದ ಕಾಲ ಮತ್ತು ಪ್ರದೇಶಗಳಲ್ಲಿ 10 ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರು) ವೇಗ ಮೀರಬಾರದೆಂಬ ನಿಯಮ ಅಮೆರಿಕದಲ್ಲಿ 2008ರಿಂದ ಇದೆ. ಅದನ್ನು 35 ಅಡಿಯ ದೋಣಿಗಳಿಗೂ ವಿಸ್ತರಿಸುವ ಪ್ರಸ್ತಾವ 2022ರಲ್ಲಿ ಬಂತು. 2025ರ ಜನವರಿಯಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು.