ಮೀಟರ್ ಹೇಳದ ವಯಸ್ಸು

ಗದಗಿನಲ್ಲಿರುವ ನನ್ನ ಸೋದರಮಾವನ ಮಗ ಒಂದು ರಾತ್ರಿ ಫೋನ್ ಮಾಡಿದ. "ಅಣ್ಣಾ, ಎರಡು ಗಾಡಿ ನೋಡೇನಿ. ಎರಡೂ ಜರ್ಮನಿವು, ಎರಡೂ ಡೀಸೆಲ್, 2014ರ ಮಾಡೆಲ್. ಹುಬ್ಬಳ್ಳಿದು 98,000 ಓಡೈತಿ, ಒಂಬತ್ತೂವರಿ ಲಕ್ಷ. ಧಾರವಾಡದ್ದು ಎಂಟು ಲಕ್ಷಕ್ಕ ಕೊಡ್ತಾರ, ಆದ್ರ 1,76,000 ಓಡಿಬಿಟ್ಟೈತಿ. ಹುಬ್ಬಳ್ಳಿದ ತಗೋತೀನಿ. ನೀ ಒಮ್ಮೆ ಬಂದು ನೋಡು."

ಹೊಸದಿದ್ದಾಗ 45 ಲಕ್ಷದ ಆಸುಪಾಸಿನಲ್ಲಿದ್ದ ಗಾಡಿಗಳು ಇವು. ಅಂಥದ್ದು ಈಗ ಹೊಸ ಸಣ್ಣ ಕಾರಿನ ದುಡ್ಡಿಗೆ ಸಿಗುತ್ತದೆ ಅಂದರೆ ಯಾರಿಗೆ ಆಸೆಯಾಗುವುದಿಲ್ಲ? ಅವನ ಆಸೆಯಲ್ಲಿ ತಪ್ಪೇನೂ ಇಲ್ಲ. ಅವನು ನೋಡುತ್ತಿದ್ದ ಅಂಕಿಯ ಬಗ್ಗೆ ಮಾತ್ರ ನನಗೆ ತಕರಾರಿತ್ತು.

ಕಾರಿನ ಮೀಟರ್ ಎಣಿಸುವುದು ಚಕ್ರ ಎಷ್ಟು ಸುತ್ತಿತು ಅನ್ನೋದನ್ನು ಮಾತ್ರ. ಸಿಗ್ನಲ್‌ನಲ್ಲಿ ಎಂಜಿನ್ ಆನ್ ಇಟ್ಟು ಹತ್ತು ನಿಮಿಷ ನಿಂತರೆ ಮೀಟರಿಗೆ ಅದು ಸೊನ್ನೆ, ಎಂಜಿನ್‌ಗೆ ಹತ್ತು ನಿಮಿಷದ ದುಡಿಮೆ. ಈ ವಿಷಯ ನಮ್ಮ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು. ಹಳೇ ಟ್ರ್ಯಾಕ್ಟರ್ ಕೊಳ್ಳುವಾಗ ಯಾರೂ ಕಿಲೋಮೀಟರ್ ಕೇಳುವುದಿಲ್ಲ. "ಎಷ್ಟು ತಾಸು ಓಡೈತಿ?" ಅಂತಲೇ ಕೇಳುತ್ತಾರೆ. ಅದೇ ಲೆಕ್ಕವನ್ನು ಕಾರಿಗೂ ಹಾಕಿ ನೋಡೋಣ. ಹುಬ್ಬಳ್ಳಿಯ ಗಾಡಿ ಮೊದಲು ಬೆಂಗಳೂರಿನಲ್ಲಿ ಮನೆ-ಆಫೀಸು ಅಂತ ಓಡಾಡಿದ್ದು. ಅಲ್ಲಿನ ಟ್ರಾಫಿಕ್‌ನಲ್ಲಿ ಗಂಟೆಗೆ ಸರಾಸರಿ 20 ಕಿ.ಮೀ. ಅಂತ ಹಿಡಿದರೆ 98,000 ಕಿ.ಮೀ.ಗೆ 4,900 ತಾಸು. ಧಾರವಾಡದ ಗಾಡಿಯ ಮಾಲೀಕರು ತಿಂಗಳಿಗೆ ಎರಡು ಸಲ ಪುಣೆಗೆ ಹೋಗಿ ಬರುವವರು. ಹೈವೇಯಲ್ಲಿ ಸರಾಸರಿ 65 ಅಂದುಕೊಂಡರೆ 1,76,000 ಕಿ.ಮೀ.ಗೆ ಸುಮಾರು 2,700 ತಾಸು. ಜಾಸ್ತಿ ಓಡಿದ ಗಾಡಿಯ ಎಂಜಿನ್ ಕಡಿಮೆ ದುಡಿದಿದೆ!

ತಾಸಿನ ಲೆಕ್ಕವೂ ಪೂರ್ತಿ ಕಥೆಯಲ್ಲ. ಓಡುವ ಎಂಜಿನ್ ಸವೆಯುವುದು ನಾವು ಅಂದುಕೊಂಡಷ್ಟಲ್ಲ. ಇದನ್ನು ತೋರಿಸಿಕೊಟ್ಟ ಪ್ರಯೋಗ ನನಗೆ ತುಂಬಾ ಇಷ್ಟ. 1880ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿಗೆ ಹಾಕುವ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲು ಬೇರಿಂಗ್‌ನ ನೆತ್ತಿಯಲ್ಲಿ ಒಂದು ತೂತು ಕೊರೆದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿ ಮುಚ್ಚಿದ, ಎಣ್ಣೆ ಅದನ್ನು ಹೊರಗೆ ತಳ್ಳಿತು. ಮರದ ಗೂಟ ಬಡಿದ, ಅದನ್ನೂ ತಳ್ಳಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ತನಗೂ ಬೇರಿಂಗ್‌ಗೂ ನಡುವೆ ಎಳೆದುಕೊಳ್ಳುತ್ತಿತ್ತು, ಮೇಲಿನ ಬೇರಿಂಗ್ ಅದರ ಒತ್ತಡದ ಮೇಲೆ ತೇಲುತ್ತಿತ್ತು. ಟವರ್‌ನ ವರದಿ ಬಂದದ್ದು 1883ರಲ್ಲಿ. ಅದರ ಹಿಂದಿನ ಗಣಿತವನ್ನು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಬಿಡಿಸಿ ಬರೆದರು. ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಶುರುವಾದದ್ದೂ ಅದೇ ದಶಕದಲ್ಲಿ.

ಕಾರಿನ ಎಂಜಿನ್ ಒಳಗೂ ಇದೇ ನಡೆಯುತ್ತದೆ. ಎಂಜಿನ್‌ನ ತಿರುಗುವ ಮುಖ್ಯ ಅಚ್ಚಾದ ಕ್ರ್ಯಾಂಕ್‌ಶಾಫ್ಟ್‌ಗೂ ಬೇರಿಂಗ್‌ಗೂ ನಡುವೆ ಕೂದಲಿಗಿಂತ ಎಷ್ಟೋ ತೆಳುವಾದ ಎಣ್ಣೆಯ ಪದರ ಇರುತ್ತದೆ. ಅದು ಇರುವ ತನಕ ಲೋಹಕ್ಕೆ ಲೋಹ ತಾಗುವುದಿಲ್ಲ. ತಾಗುವುದು ಮುಖ್ಯವಾಗಿ ಸ್ಟಾರ್ಟ್ ಮಾಡುವಾಗ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಣ್ಣೆ ಕೆಳಗೆ ಇಳಿದಿರುತ್ತದೆ, ತಣ್ಣಗಾಗಿ ಗಟ್ಟಿಯೂ ಆಗಿರುತ್ತದೆ. ಮೇಲಕ್ಕೆ ಬರಲು ಅದಕ್ಕೆ ಕೊಂಚ ಹೊತ್ತು ಬೇಕು. ಸಣ್ಣ ಸಣ್ಣ ಓಡಾಟದ ಗಾಡಿ ಅಷ್ಟೇ ದೂರಕ್ಕೆ ಇಂಥ ಸ್ಟಾರ್ಟ್ ಹೆಚ್ಚು ಕಾಣುತ್ತದೆ.

ಇನ್ನೊಂದು ಮಾತು. ಒಂದು ಲೀಟರ್ ಇಂಧನ ಉರಿದಾಗ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬೋಕೆ ಕಷ್ಟ, ಆದರೆ ನಿಜ. ಇಂಧನದಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಹೆಚ್ಚಿನದು ಹಬೆಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ಎಂಜಿನ್ ತಣ್ಣಗಿದ್ದರೆ ಸ್ವಲ್ಪ ಹಬೆ ಒಳಗೇ ನೀರಾಗಿ ಎಣ್ಣೆಗೆ ಬೆರೆಯುತ್ತದೆ. ಪುಣೆಗೆ ಹೊರಟ ಗಾಡಿ ಬೆಳಗಾವಿ ದಾಟುವಷ್ಟರಲ್ಲಿ ಆ ನೀರು ಕಾದು ಹಾರಿಹೋಗಿರುತ್ತದೆ. ದಿನಾ ನಾಲ್ಕು ಕಿ.ಮೀ. ಓಡಿ ನಿಲ್ಲುವ ಗಾಡಿಯಲ್ಲಿ ಅದು ಕೂಡುತ್ತಲೇ ಹೋಗುತ್ತದೆ, ಎಣ್ಣೆ ಕೆಡುತ್ತದೆ.

ಹಾಗಂತ ಹೈವೇ ಗಾಡಿಯೆಲ್ಲ ಒಳ್ಳೇದು ಅಂತಲ್ಲ. ನವಲಗುಂದ, ಅಣ್ಣಿಗೇರಿ ಕಡೆ ಬೇಸಿಗೆಯಲ್ಲಿ ಎರಿ ಮಣ್ಣಿನ ಧೂಳು ಹೇಗೆ ಏಳುತ್ತದೆ ಅನ್ನೋದು ನಮಗೆಲ್ಲ ಗೊತ್ತಲ್ವಾ? ರಸ್ತೆ ಧೂಳಿನಲ್ಲಿ ಬೆಣಚು ಕಲ್ಲಿನ ಸಣ್ಣ ಕಣಗಳಿರುತ್ತವೆ. ಬೆಣಚು ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಏರ್ ಫಿಲ್ಟರ್ ಹರಿದಿದ್ದರೆ ಅದು ಒಳಗೆ ಹೋಗಿ ಮರಳು ಕಾಗದದ ಹಾಗೆ ಉಜ್ಜುತ್ತದೆ. ಅದಕ್ಕೇ ಫಿಲ್ಟರಿನ ಡಬ್ಬಿ ತೆಗೆಸಿ, ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬೆರಳಾಡಿಸಿ ನೋಡಬೇಕು. ಬೆರಳಿಗೆ ಧೂಳು ಹತ್ತಿದರೆ ಸುಮ್ನೆ ಮನೆಗೆ ವಾಪಸ್ ಬರಬಹುದು.

ಹುಬ್ಬಳ್ಳಿಯ ಗಾಡಿ ನೋಡಲು ಹೋದಾಗ ನಾನು ಮೊದಲು ಬಾನೆಟ್ ಮೇಲೆ ಕೈ ಇಟ್ಟೆ. ಬಿಸಿಯಾಗಿತ್ತು. "ಈಗಷ್ಟ ತೊಳದು ಒಂದು ರೌಂಡ್ ಹೋಗಿ ಬಂದೀನ್ರಿ" ಎಂದ ಮಾರುವವ. ಕಾದ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ ಬಂದೆವು. ಮರುದಿನ ಆರು ಗಂಟೆಗೆ ಹೋದಾಗ ಗಾಡಿ ಹಿಂದೆ ಬಲಗಡೆ ಎರಡು ಬೆರಳಿನಷ್ಟು ಕೂತಿತ್ತು. ಸ್ಟಾರ್ಟ್ ಮಾಡಿದ ತಕ್ಷಣ ಮೂರ್ನಾಲ್ಕು ಸೆಕೆಂಡ್ ಕಡಕಡ ಸದ್ದು ಬಂದು ನಿಂತಿತು. ಜೊತೆಗಿದ್ದ ಹಿರಿಯ ಮಿಸ್ತ್ರಿ, "ಟೈಮಿಂಗ್ ಚೈನ್ ಸಡ್ಲ ಆಗಿರಬೇಕ್ರಿ ಸರ" ಎಂದರು. ಎಂಜಿನ್‌ನ ಕವಾಟಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಸರಪಳಿ ಅದು.

ಎರಡು ಬೆರಳು ಕೂತದ್ದು ಯಾಕೆ? ಆ ಗಾಡಿಗೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿದರೆ ಅದು ಗಟ್ಟಿಯಾಗುತ್ತದೆ ಅಂತ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ತೊಂದರೆ ಏನಂದರೆ, ಆ ಬೇಯುವಿಕೆ ಪೂರ್ತಿ ನಿಲ್ಲುವುದೇ ಇಲ್ಲ. ಬಿಸಿಗೆ, ಗಾಳಿಗೆ ರಬ್ಬರ್ ವರ್ಷವರ್ಷವೂ ಇನ್ನಷ್ಟು ಬಿರುಸಾಗಿ ಬಿರುಕು ಬಿಡುತ್ತದೆ. ಶಾಖ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನೋದು ಒಂದು ಒರಟು ಲೆಕ್ಕ. ಗಾಡಿ ಓಡಲಿ, ಬಿಡಲಿ, ರಬ್ಬರಿಗೆ ವಯಸ್ಸಾಗುತ್ತದೆ. ಚೀಲ ಸೋರಿದರೆ ಗಾಳಿ ತುಂಬುವ ಕಂಪ್ರೆಸರ್ ಮತ್ತೆ ಮತ್ತೆ ಓಡಿ ಸುಟ್ಟುಹೋಗಬಹುದು. ಸಣ್ಣ ಬಿರುಕಿನಿಂದ ಶುರುವಾದದ್ದು ಎರಡು ದೊಡ್ಡ ಖರ್ಚಿನಲ್ಲಿ ಮುಗಿಯುತ್ತದೆ.

ಇಂಥ ಗಾಡಿಗಳಲ್ಲಿ ಜನ ಸೋಲುವುದು ಇಲ್ಲೇ. ಗಾಡಿಯ ಬೆಲೆ 45ರಿಂದ ಎಂಟಕ್ಕೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಕೊಳ್ಳುವ ದುಡ್ಡಿನ ಕಾಲು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆ ಬೇರೆ ಎತ್ತಿಡಲು ಆಗದಿದ್ದರೆ ಇದರ ಸಹವಾಸ ಬೇಡ ಅಂತ ನಾನು ತಮ್ಮನಿಗೆ ನೇರವಾಗಿ ಹೇಳಿದೆ. ಅವನು ಎರಡು ಲಕ್ಷ ಎತ್ತಿಟ್ಟ.

ಮೀಟರ್ ತಿದ್ದುವುದೂ ಉಂಟು. ಆದರೆ ಬ್ರೇಕ್ ಪೆಡಲಿನ ರಬ್ಬರ್, ಸ್ಟೇರಿಂಗ್ ಚರ್ಮದ ಹೊಳಪು, ಡ್ರೈವರ್ ಸೀಟಿನ ಅಂಚು ಇವನ್ನೆಲ್ಲ ತಿದ್ದುವುದು ಕಷ್ಟ. ಟೈರಿನ ಬದಿಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದ ಟೈರ್. ಹಲವು ಗಾಡಿಗಳಲ್ಲಿ ಓಡಿದ ದೂರ ಬೇರೆ ಕಂಪ್ಯೂಟರ್‌ಗಳಲ್ಲೂ ದಾಖಲಾಗಿರುತ್ತದೆ, ಸ್ಕ್ಯಾನರ್ ಹಾಕಿಸಿದರೆ ಗೊತ್ತಾಗುತ್ತದೆ. ಹೊರರಾಜ್ಯದ ಗಾಡಿಯಾದರೆ ಅಲ್ಲಿಯ ಎನ್‌ಓಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಯ ತೆರಿಗೆ ಎರಡನ್ನೂ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಬೇಕು.

ಧಾರವಾಡದ ಮಾಲೀಕರು ಒಂದು ದಪ್ಪ ಫೈಲ್ ಮುಂದಿಟ್ಟರು. ಪ್ರತಿ ಆಯಿಲ್ ಬದಲಾವಣೆಯ ಬಿಲ್ ಅದರಲ್ಲಿತ್ತು. ಸಸ್ಪೆನ್ಷನ್ನಿನ ಗಾಳಿ ಚೀಲ ನಾಲ್ಕನ್ನೂ ಬದಲಿಸಿದ್ದಕ್ಕೂ ಬಿಲ್ ಇತ್ತು. ಗೇರ್‌ಬಾಕ್ಸ್ ಆಯಿಲ್ಲಿನದು ಮಾತ್ರ ಒಂದೇ ಬಿಲ್, ಅದೂ 80,000ದ ಹೊತ್ತಿನದು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಿ ಅನ್ನುತ್ತದೆ. ಅದನ್ನು ತೋರಿಸಿ ಮೂವತ್ತು ಸಾವಿರ ಇಳಿಸಿಕೊಂಡೆವು.

ಗಾಡಿ ತಂದ ಮೊದಲ ವಾರವೇ ಆ ಆಯಿಲ್ ತೆಗೆಸಿದೆವು. ಕಡುಚಹಾದ ಬಣ್ಣದ ಎಣ್ಣೆ ಬುಟ್ಟಿಗೆ ಇಳಿಯಿತು. ಮಿಸ್ತ್ರಿ ಕೆಳಗಿನ ಪ್ಯಾನ್ ಬಿಚ್ಚಿ, ಅದರಲ್ಲಿದ್ದ ಅಯಸ್ಕಾಂತವನ್ನು ಹೆಬ್ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದರು. ವಿಭೂತಿಯಷ್ಟು ನುಣುಪಾದ ಬೂದು ಪೇಸ್ಟ್, ಮಾಮೂಲಿ ಸವೆತದ್ದು. ಎರಡು ಬೆರಳ ನಡುವೆ ತಿಕ್ಕಿ ತಿಕ್ಕಿ ನೋಡಿದರು. ಲೋಹದ ಚೂರು ಒಂದೂ ಸಿಗಲಿಲ್ಲ. "ಹಾಕಸ್ರಿ ಹೊಸಾ ಆಯಿಲ್" ಎಂದರು.