ಓಡುವಾಗ ಕಿವಿಗೆ ಏನು ಕೊಡಬೇಕು?

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಮೂವತ್ತೈದರ ಆಸುಪಾಸಿನ ಒಬ್ಬರು ಮೈಸೂರಿನ ನಮ್ಮ ಕ್ಲಿನಿಕ್‌ಗೆ ಬಂದರು. ರಾತ್ರಿ ಮಲಗಿದರೆ ಬಲಗಿವಿಯಲ್ಲಿ ಗುಂಯ್ ಅನ್ನುತ್ತದೆ, ಫ್ಯಾನ್ ಸದ್ದು ಇದ್ದರೆ ಮಾತ್ರ ನಿದ್ದೆ ಎಂದರು. ಕಿವಿ ಸೋರಿಲ್ಲ, ಪೆಟ್ಟು ಬಿದ್ದಿಲ್ಲ, ಕಾರ್ಖಾನೆಯ ಕೆಲಸವೂ ಅಲ್ಲ. ಯಾವ ಸ್ಥಾಯಿಯ ಸದ್ದು ಎಷ್ಟು ಕೇಳುತ್ತದೆಂದು ಗೆರೆ ಎಳೆದು ತೋರಿಸುವ ಆಡಿಯೋಗ್ರಾಮ್ ತೆಗೆದು ನೋಡಿದೆ. ಎಡಗಿವಿ ಸರಿಯಾಗಿತ್ತು. ಬಲಗಿವಿಯ ಗೆರೆ ಮಾತ್ರ 4,000 ಹರ್ಟ್ಜ್ ಹತ್ತಿರ ಗುಂಡಿಗೆ ಇಳಿದು, 8,000ಕ್ಕೆ ಮತ್ತೆ ಮೇಲೆದ್ದಿತ್ತು. ಜೋರು ಸದ್ದು ಕಿವಿಯನ್ನು ಕೆಡಿಸಿದಾಗ ಸಾಮಾನ್ಯವಾಗಿ ಉಳಿಯುವ ಗುರುತು ಅದು.

"ಇಯರ್‌ಫೋನ್ ಹಾಕ್ಕೋತೀರಾ?"

"ಓಡುವಾಗ ಮಾತ್ರ ಮೇಡಂ. ಅದೂ ಒಂದೇ ಕಿವಿಗೆ. ಗಾಡಿ ಸದ್ದು ಕೇಳಿಸ್ಲಿ ಅಂತ ಇನ್ನೊಂದು ಖಾಲಿ ಬಿಟ್ಟಿರ್ತೀನಿ."

ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆಸುತ್ತಿದ್ದರು. ವಾರಕ್ಕೆ ಐದು ದಿನ ರಿಂಗ್ ರೋಡಿನ ಅಂಚಿನಲ್ಲಿ ಓಟ. ಒಂದೇ ಕಿವಿಯಲ್ಲಿ ಹೀಗೆ ಕಂಡರೆ ಬೇರೆ ಕಾರಣ ಇಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು, ಅದಕ್ಕೆ ಇಎನ್‌ಟಿ ವೈದ್ಯರ ಬಳಿ ಕಳಿಸಿದೆ. ಅಲ್ಲಿ ಬೇರೇನೂ ಸಿಗಲಿಲ್ಲ.

ಒಂದೇ ಕಿವಿಗೆ ಹಾಕಿಕೊಂಡರೆ ಕ್ಷೇಮ ಎನ್ನುವ ನಂಬಿಕೆ ಓಡುವವರಲ್ಲಿ ಬಹಳ ಗಟ್ಟಿಯಾಗಿದೆ. ನಾನೂ ಬೆಳಗಿನ ಹೊತ್ತು ಓಡುವವಳು, ನನ್ನ ಜೊತೆಯವರೂ ಇದನ್ನೇ ಹೇಳುತ್ತಾರೆ. ಆದರೆ ಕಿವಿ ಕೆಲಸ ಮಾಡುವ ರೀತಿ ತಿಳಿದವರಿಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಒಂದೇ ಹಾಡು ಎರಡೂ ಕಿವಿಗೆ ಬಿದ್ದರೆ ಮಿದುಳು ಅವೆರಡನ್ನೂ ಕೂಡಿಸಿ ಕೇಳುತ್ತದೆ, ಹಾಡು ಜೋರಾಗಿ ಅನಿಸುತ್ತದೆ. ಒಂದನ್ನು ತೆಗೆದ ಕೂಡಲೇ ಅದು ಸಣ್ಣದಾಗುತ್ತದೆ. ಅಷ್ಟನ್ನು ತುಂಬಿಕೊಳ್ಳಲು ಬೆರಳು ತಾನಾಗಿ ವಾಲ್ಯೂಮ್ ಕಡೆ ಹೋಗುತ್ತದೆ. ಜೊತೆಗೆ ಖಾಲಿ ಕಿವಿಯಿಂದ ಲಾರಿ, ಬಸ್ಸಿನ ಸದ್ದೂ ಒಳಬರುತ್ತಿರುತ್ತದೆ, ಅದನ್ನು ಮೀರಿಸಲು ಇನ್ನೂ ಎರಡು ಗೀಟು ಏರುತ್ತದೆ. ಹೀಗೆ ಎರಡು ಕಿವಿಯ ಪಾಲು ಒಂದರ ಮೇಲೆ ಬೀಳುತ್ತದೆ.

ಇನ್ನು ಗಾಡಿಯ ವಿಷಯ. ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂದು ನಾವು ತಿಳಿಯುವುದು ಎರಡು ಕಿವಿಗಳ ಲೆಕ್ಕದಿಂದ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟಿ, ಎಡಗಿವಿಗೆ ಒಂದು ಕ್ಷಣ ತಡವಾಗಿ, ಸ್ವಲ್ಪ ಕುಗ್ಗಿ ಮುಟ್ಟುತ್ತದೆ. ಆ ತಡ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಮಿದುಳು ಅದನ್ನೇ ಅಳೆದು ದಿಕ್ಕು ಹೇಳುತ್ತದೆ. ಮುಂದೋ ಹಿಂದೋ ಎಂಬುದಕ್ಕೆ ಹೊರಕಿವಿಯ ಮಡಿಕೆಗಳು ನೆರವಾಗುತ್ತವೆ. ಒಂದು ಕಿವಿಗೆ ಬಿರಟೆ ಹಾಕಿದರೆ ಗಾಡಿ ಬರುತ್ತಿದೆ ಎಂಬುದು ಗೊತ್ತಾಗುತ್ತದೆ, ಎಲ್ಲಿಂದ ಎಂಬುದು ಕಲಸಿಹೋಗುತ್ತದೆ. ರಸ್ತೆಯಲ್ಲಿ ನಮಗೆ ಬೇಕಾದದ್ದು ಎರಡನೆಯದು. ಎಲೆಕ್ಟ್ರಿಕ್ ಸ್ಕೂಟರುಗಳು ಬಂದ ಮೇಲಂತೂ ಎಂಜಿನ್ ಸದ್ದಿನ ಸುಳಿವೂ ಇಲ್ಲ, ನಿಧಾನವಾಗಿ ಬರುವಾಗ ಟೈರು ಟಾರಿಗೆ ಉಜ್ಜುವ ಸಣ್ಣ ಸದ್ದಷ್ಟೇ ಉಳಿದಿದೆ.

ಅದಕ್ಕೇ "ಓಡುವಾಗ ಏನು ಕೇಳಲಿ?" ಎಂದು ಯಾರಾದರೂ ಕೇಳಿದರೆ ನಾನು ಹಾಡಿನಿಂದ ಶುರು ಮಾಡುವುದಿಲ್ಲ. ಎಲ್ಲಿ ಓಡುತ್ತೀರಿ ಎಂದು ಮೊದಲು ಕೇಳುತ್ತೇನೆ. ಆಮೇಲೆ, ಇವತ್ತಿನ ಓಟ ಎಷ್ಟು ಬಿರುಸಿನದು ಎಂದು. ಹಾಡಿನ ಸರದಿ ಮೂರನೆಯದು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ: ಇಷ್ಟದ ಹಾಡುಗಳ ಪಟ್ಟಿ ಮೊದಲೇ ಸಿದ್ಧವಿರುತ್ತದೆ, ರಸ್ತೆ ಯಾವುದಾದರೂ, ಓಟ ಎಂಥದಾದರೂ ಅದೇ ಪಟ್ಟಿ.

ಗಾಡಿ ಓಡಾಡುವ ರಸ್ತೆಯಾದರೆ ನನ್ನ ಉತ್ತರ ಚಿಕ್ಕದು: ಏನೂ ಬೇಡ. ಕಿವಿಯ ಹೊರಗೆ ಕೂರುವ, ಮೂಳೆಯ ಮೂಲಕ ಸದ್ದು ಮುಟ್ಟಿಸುವ ಹೆಡ್‌ಫೋನ್‌ಗಳು ಕಿವಿಯ ದಾರಿಯನ್ನು ತೆರೆದೇ ಬಿಡುತ್ತವೆ, ಆ ಮಟ್ಟಿಗೆ ಅವು ವಾಸಿ. ಆದರೆ ಮೂಳೆಯಿಂದ ಹೋದರೂ ಸದ್ದು ಕೊನೆಗೆ ಸೇರುವುದು ಅದೇ ಒಳಕಿವಿಗೆ. ಬಸವನಹುಳುವಿನ ಚಿಪ್ಪಿನ ಆಕಾರದ ಕಾಕ್ಲಿಯಾದಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ರೋಮಕೋಶಗಳಿವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸದ್ದು ಯಾವ ಬಾಗಿಲಿಂದ ಬಂತು ಎಂಬುದು ಆ ಕೋಶಗಳಿಗೆ ಮುಖ್ಯವಲ್ಲ. ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು ಒಳಗೆ ಬಿಡುವ ಇಯರ್‌ಬಡ್‌ಗಳೂ ಈಗ ಇವೆ. ಕೋಣೆಯಲ್ಲಿ ಕೂತು ನೋಡಿದಾಗ ಚೆನ್ನಾಗಿಯೇ ಇರುತ್ತವೆ. ಓಡುವಾಗ ಮೈಕಿಗೆ ಗಾಳಿ ಬಡಿದು ಬೇಕಾದ ಸದ್ದಿಗಿಂತ ಗಾಳಿಯೇ ಹೆಚ್ಚು ಕೇಳುತ್ತದೆ.

ಕುಕ್ಕರಹಳ್ಳಿ ಕೆರೆಯ ಏರಿಯಂಥ ಜಾಗ ಸಿಕ್ಕರೆ ಮಾತೇ ಬೇರೆ. ಗಾಡಿ ಇಲ್ಲ, ಸುತ್ತ ಸದ್ದು ಕಡಿಮೆ. ಅಲ್ಲೂ ಬೆಳಕು ಹರಿಯುವ ಮುಂಚೆ ನಾನು ಏನನ್ನೂ ಹಾಕಿಕೊಳ್ಳುವುದಿಲ್ಲ. ಒಬ್ಬಳೇ ಓಡುವ ಹೆಂಗಸಿಗೆ ಹಿಂದಿನಿಂದ ಬರುವ ಹೆಜ್ಜೆ ಕೇಳಬೇಕು. ನಾಯಿ ಗುರ್ ಎಂದದ್ದೂ ಮೊದಲೇ ಕೇಳಬೇಕು. ಬೆಳಕಾದ ಮೇಲೆ ಹೆಜ್ಜಾರ್ಲೆಗಳು ನೀರಿಗಿಳಿಯುವ ಹೊತ್ತಿಗೆ ಬೇಕಾದರೆ ಏನಾದರೂ ಹಚ್ಚುತ್ತೇನೆ.

ಈಗ ಓಟದ ಬಿರುಸಿಗೆ ಬರೋಣ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕಾರಗೆಯೋರ್ಗಿಸ್ ಅವರು ವ್ಯಾಯಾಮ ಮತ್ತು ಸಂಗೀತದ ನಂಟನ್ನು ಹಲವು ವರ್ಷ ಅಧ್ಯಯನ ಮಾಡಿದವರು. ಅವರೂ ಅದೇ ದಾರಿಯ ಇತರರೂ ಕಂಡುಕೊಂಡದ್ದು ಇಷ್ಟು: ಹಗುರ ಅಥವಾ ಮಧ್ಯಮ ಬಿರುಸಿನಲ್ಲಿ ಹಾಡು ಕೇಳಿದರೆ ದಣಿವಿನ ಅನಿಸಿಕೆ ಕಡಿಮೆಯಾಗುತ್ತದೆ. ಬಿರುಸು ಬಹಳ ಏರಿದಾಗ ಉಸಿರು, ಕಾಲು, ಎದೆ ಕಳಿಸುವ ಸುದ್ದಿಯೇ ಮನಸ್ಸನ್ನು ತುಂಬಿಬಿಡುತ್ತದೆ, ದಣಿವನ್ನು ಮರೆಸುವ ಹಾಡಿನ ಶಕ್ತಿ ಅಲ್ಲಿಗೆ ಕುಂದುತ್ತದೆ. ಅಂದರೆ ಹಾಡು ಹೆಚ್ಚು ಕೆಲಸ ಮಾಡುವುದು ನಿಧಾನದ ಓಟದಲ್ಲಿ. ನಾವೋ ಅತಿ ಕಷ್ಟದ ಓಟಕ್ಕೆಂದು ಅತಿ ಜೋರಿನ ಹಾಡನ್ನು ಕೂಡಿಟ್ಟಿರುತ್ತೇವೆ.

ಬಿರುಸಿನ ಓಟದಲ್ಲಿ ಸಂಗೀತಕ್ಕೆ ಕೆಲಸವೇ ಇಲ್ಲವೆಂದಲ್ಲ. ಅಲ್ಲಿ ಅದರ ಲಯ ಉಪಯೋಗಕ್ಕೆ ಬರುತ್ತದೆ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣದಲ್ಲಿ 2,000 ಮೀಟರ್ ವಿಶ್ವದಾಖಲೆ ಮಾಡಿದಾಗ ತನ್ನ ಹೆಜ್ಜೆಗೆ ಹೊಂದುವ ಒಂದು ಪಾಪ್ ಹಾಡನ್ನು ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಹಾಕಿಸಿಕೊಂಡಿದ್ದರು. ಕಿವಿಯೊಳಗೆ ಏನೂ ಇರಲಿಲ್ಲ, ಇಡೀ ಸ್ಟೇಡಿಯಂ ಕೇಳುತ್ತಿತ್ತು.

ನಿಮ್ಮ ಹೆಜ್ಜೆಯ ಲೆಕ್ಕ ನಿಮಗೆ ಗೊತ್ತಿರಲಿ. ಬಲಗಾಲು ಅರ್ಧ ನಿಮಿಷದಲ್ಲಿ ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಿ ನಾಲ್ಕರಿಂದ ಗುಣಿಸಿ. ಹವ್ಯಾಸಕ್ಕೆ ಓಡುವ ಹಲವರಲ್ಲಿ ಇದು 150ರಿಂದ 170ರ ನಡುವೆ ಬರುತ್ತದೆ. ನಿಮಿಷಕ್ಕೆ 160 ಹೆಜ್ಜೆ ಇದ್ದರೆ 160 ಬೀಟಿನ ಹಾಡೂ ಹೊಂದುತ್ತದೆ, 80ರದ್ದೂ ಹೊಂದುತ್ತದೆ, ಎರಡನೆಯದರಲ್ಲಿ ಬೀಟಿಗೆ ಎರಡು ಹೆಜ್ಜೆ. ಇಲ್ಲಿ ಒಂದು ಎಚ್ಚರ ಬೇಕು. ಹಾಡು ನಿಮ್ಮ ಹೆಜ್ಜೆಗಿಂತ ಸ್ವಲ್ಪವೇ ಚುರುಕಾಗಿದ್ದರೆ ಕಾಲು ನಿಮಗೆ ಹೇಳದೆ ಕೇಳದೆ ಅದರ ಹಿಂದೆ ಹೋಗುತ್ತದೆ. ನಿಧಾನವಾಗಿ ಓಡಬೇಕಾದ ದಿನ ವೇಗ ಏರುವುದು ಹೀಗೆಯೇ. ಓಟದವರ ಮೊಣಕಾಲು, ಮೀನಖಂಡದ ದೂರುಗಳನ್ನು ನೋಡುವ ನನ್ನ ಫಿಸಿಯೋಥೆರಪಿಸ್ಟ್ ಗೆಳತಿಯೂ ತನ್ನಲ್ಲಿಗೆ ಬಂದವರ ಹಾಡಿನ ಪಟ್ಟಿಯನ್ನು ಒಮ್ಮೆ ಕೇಳಿ ತಿಳಿಯುತ್ತಾಳೆ.

ತಾಳ ಬಲ್ಲವರಿಗೆ ಇಲ್ಲಿ ಇನ್ನೊಂದು ಸೊಗಸಿದೆ. ಓಟ ಎಡ-ಬಲ, ಎಡ-ಬಲ ಎಂಬ ಎರಡರ ಲೆಕ್ಕ. ಹೆಜ್ಜೆಗೊಂದು ಅಕ್ಷರ ಎಂದಿಟ್ಟುಕೊಂಡರೆ ಎಂಟು ಅಕ್ಷರದ ಆದಿತಾಳದಲ್ಲಿ ಸಮ, ಅಂದರೆ ತಾಳದ ಸುತ್ತು ಶುರುವಾಗುವ ಪೆಟ್ಟು, ಯಾವಾಗಲೂ ಒಂದೇ ಕಾಲಿಗೆ ಬೀಳುತ್ತದೆ. ಏಳರ ಮಿಶ್ರಚಾಪು ತೆಗೆದುಕೊಳ್ಳಿ, ತಕಿಟ ತಕದಿಮಿ. ಒಂದು ಆವರ್ತದ ಸಮ ಬಲಗಾಲಿಗೆ ಬಿದ್ದರೆ ಮುಂದಿನದು ಎಡಗಾಲಿಗೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ಗತಿಯೂ ಇದೇ ಏಳು. ಓಟದ ತರಬೇತಿಯಲ್ಲಿ ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ ಎನ್ನುವ ಕ್ರಮವೊಂದಿದೆ. ಒಟ್ಟು ಐದು, ಹಾಗಾಗಿ ಉಸಿರು ಬಿಡಲು ಶುರು ಮಾಡುವ ಕಾಲು ಪ್ರತಿ ಸಲ ಬದಲಾಗುತ್ತದೆ. ನನಗೆ ಇದನ್ನು ಎಣಿಸಿ ಕಲಿಯಲು ಆಗಲೇ ಇಲ್ಲ. ಒಂದು ದಿನ ಇದು ಖಂಡಚಾಪು ಅಲ್ಲವೇ ಎಂದು ಹೊಳೆಯಿತು: 'ತಕ' ಎಂದರೆ ಬಿಡು, 'ತಕಿಟ' ಎಂದರೆ ಎಳೆದುಕೋ. ಅವತ್ತಿನಿಂದ ಎಣಿಕೆ ಬೇಕಾಗಿಲ್ಲ. ಇದಕ್ಕೆ ಇಯರ್‌ಫೋನೂ ಬೇಡ, ಮನಸ್ಸಿನೊಳಗೆ ತಾಳ ನಡೆಯುತ್ತಿದ್ದರೆ ಸಾಕು. ಸಂಗೀತ ಕಲಿತ ಓಟಗಾರರಿಗೆಲ್ಲ ನಾನಿದನ್ನು ಆಸೆಯಿಂದ ಹೇಳುತ್ತೇನೆ.

ದೀರ್ಘ, ನಿಧಾನದ ಭಾನುವಾರದ ಓಟಕ್ಕೆ ಹಾಡಿಗಿಂತ ಮಾತು ವಾಸಿ ಎಂಬುದು ನನ್ನ ಅಭಿಪ್ರಾಯ. ಮಾತಿನ ನಡುವೆ ಬಿಡುವಿರುತ್ತದೆ, ಆ ಬಿಡುವಿನಲ್ಲಿ ಹೊರಗಿನ ಸದ್ದು ಒಳಗೆ ಬರುತ್ತದೆ. ಬೀಟು ತುಂಬಿದ ಹಾಡಿನಲ್ಲಿ ಅಂಥ ಕಿಂಡಿ ಇಲ್ಲ. ಸಾಲದ್ದಕ್ಕೆ ಮಂದ್ರದ ಸದ್ದು ತನಗಿಂತ ಮೇಲಿನ ಸದ್ದನ್ನು ಸುಲಭವಾಗಿ ಮುಚ್ಚಿಹಾಕುತ್ತದೆ, ತಾರದ ಸದ್ದು ಮಂದ್ರವನ್ನು ಅಷ್ಟು ಮುಚ್ಚಲಾರದು. ಹಾಗಾಗಿ ಬೇಸ್ ಹೆಚ್ಚಿಟ್ಟ ಹಾಡು ಹೊರಗಿನ ಸದ್ದನ್ನೆಲ್ಲ ನುಂಗುತ್ತದೆ. ನಾನು ಕೇಳುವುದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತು ಅರ್ಥ ಹೇಳುವವರ ವಾದವೇ ಎಲ್ಲ, ಆದ್ದರಿಂದ ಕಣ್ಣಿಗೆ ಏನೂ ತಪ್ಪಿಹೋಗುವುದಿಲ್ಲ. ಒಂದೂವರೆ ಗಂಟೆಯ ಓಟ ಕರ್ಣ-ಕೃಷ್ಣರ ಒಂದು ಸಂವಾದ ಮುಗಿಯುವುದರೊಳಗೆ ಮುಗಿದಿರುತ್ತದೆ. ಪದ್ಯ ಶುರುವಾಗಿ ಚೆಂಡೆ ಏರುವಾಗ ಮಾತ್ರ ಕಾಲು ಚುರುಕಾಗದಂತೆ ನೋಡಿಕೊಳ್ಳಬೇಕು. ಇದರಿಂದ ಇನ್ನೊಂದು ಲಾಭವಿದೆ: ವಾದದ ಎಳೆ ಕೈತಪ್ಪಿ, ಈಗೇನು ಹೇಳಿದರು ಎಂದು ಹಿಂದಕ್ಕೆ ಹೋಗಬೇಕೆನಿಸಿದರೆ ನೀವು ನಿಧಾನದ ಓಟವನ್ನು ದಾಟಿದ್ದೀರಿ ಎಂದು ತಿಳಿಯಬಹುದು. ಜೊತೆಯವರ ಸಂಗಡ ಮಾತಾಡಿಕೊಂಡು ಓಡಲು ಆಗಬೇಕು ಎನ್ನುತ್ತಾರಲ್ಲ, ಒಬ್ಬರೇ ಓಡುವವರಿಗೆ ಅದರ ಬದಲು ಇದು.

ಮಾತನ್ನು ಗದ್ದಲದಲ್ಲಿ ಕೇಳಲು ಹೋಗಬೇಡಿ. ಸ, ತ, ಕ, ಪ ಇಂಥ ವ್ಯಂಜನಗಳು ಕ್ಷೀಣ, ಗದ್ದಲದಲ್ಲಿ ಮೊದಲು ಮುಳುಗುವುದು ಅವೇ. ಅವನ್ನು ಹಿಡಿಯಲು ವಾಲ್ಯೂಮ್ ಏರಿಸುತ್ತೀರಿ, ಜೊತೆಗೆ ಸ್ವರಗಳು ಕಿವಿಗೆ ಅಪ್ಪಳಿಸುತ್ತವೆ.

ವಾಲ್ಯೂಮ್ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ವಾರಕ್ಕೆ ಐದು ಗಂಟೆ ಓಡುವವರು 89ರಲ್ಲಿ ಕೇಳಿದರೆ ವಾರದ ಪಾಲು ಓಟದಲ್ಲೇ ಖರ್ಚಾಯಿತು. ಆಫೀಸಿನ ಕರೆ, ಬಸ್ಸಿನಲ್ಲಿ ನೋಡುವ ವಿಡಿಯೊ ಎಲ್ಲ ಅದರ ಮೇಲಿನ ಸಾಲ. ಕಿವಿಯಲ್ಲಿನ ಮಟ್ಟವನ್ನು ಈಗ ಹಲವು ಫೋನುಗಳೇ ಅಂದಾಜಿಸಿ ತೋರಿಸುತ್ತವೆ, ಒಮ್ಮೆ ತೆರೆದು ನೋಡಿ. ನನ್ನ ಪದ್ಧತಿ ಇನ್ನೂ ಸರಳ. ಮನೆಯ ಒಳಗೆ, ಫ್ಯಾನೂ ಆರಿಸಿ, ಹಿತವಾಗಿ ಕೇಳುವಷ್ಟಕ್ಕೆ ವಾಲ್ಯೂಮ್ ಇಡುತ್ತೇನೆ. ಹೊರಗೆ ಹೋದ ಮೇಲೆ ಅದನ್ನು ಮುಟ್ಟುವುದಿಲ್ಲ. ಕೇಳದಿದ್ದರೆ ತೆಗೆದು ಜೇಬಿಗೆ ಹಾಕುತ್ತೇನೆ.

ಕಿವಿಯನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ತುದಿಯ ಇಯರ್‌ಬಡ್ ಹಾಕಿ ಓಡಿದವರಿಗೆ ತಮ್ಮ ಹೆಜ್ಜೆಯೇ ದೊಂ ದೊಂ ಎಂದು ತಲೆಯೊಳಗೆ ಕೇಳುವ ಅನುಭವ ಇರುತ್ತದೆ. ಹೆಜ್ಜೆಯ ಕಂಪನ ಮೂಳೆಯ ಮೂಲಕ ಕಿವಿಯ ನಾಳಕ್ಕೆ ಬಂದು, ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಗುಡುಗುತ್ತದೆ. ಇದನ್ನು ಮುಚ್ಚಲೆಂದೇ ವಾಲ್ಯೂಮ್ ಏರಿಸುವವರನ್ನು ಬಹಳ ನೋಡಿದ್ದೇನೆ. ಅವರು ಮಾಡಬೇಕಾದದ್ದು ಬಡ್ ಬದಲಿಸುವುದು. ಬೆವರು ಒಳಗೆ ನಿಂತು ಬೂಷ್ಟು ಹಿಡಿಯುವುದೂ ಇಂಥ ಕಿವಿಯಲ್ಲೇ ಹೆಚ್ಚು, ಮಳೆಗಾಲದಲ್ಲಿ, ಕರಾವಳಿಯಲ್ಲಿ ಇನ್ನೂ ಹೆಚ್ಚು. ಓಟ ಮುಗಿದ ಮೇಲೆ ಬಡ್ ಒರೆಸಿ, ಕಿವಿಗೆ ಗಾಳಿ ಆಡಲು ಬಿಡಿ. ಕಡ್ಡಿ ಹಾಕಬೇಡಿ.

ಸ್ಪರ್ಧೆಯ ದಿನದ ಬಗ್ಗೆ ಒಂದು ಮಾತು. ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲಿ ಸ್ಪರ್ಧಿಗಳು ಇಂಥ ಸಾಧನ ಬಳಸುವಂತಿಲ್ಲ. ಹವ್ಯಾಸಿಗಳ ಓಟದಲ್ಲಿ ಬಿಡುವುದೂ ಬಿಡದಿರುವುದೂ ಆಯೋಜಕರ ತೀರ್ಮಾನ, ಹಾಗಾಗಿ ನಿಯಮದ ಹಾಳೆ ಓದಿಕೊಂಡು ಹೋಗಿ. ರಂಗನತಿಟ್ಟಿನ ಬಳಿ ನಾಲೆಯ ಪಕ್ಕದ ಮಣ್ಣಿನ ಹಾದಿಯಲ್ಲಿ ಓಡುವ ಕಾವೇರಿ ಟ್ರಯಲ್‌ನಂಥ ಕಡೆ ಬಿಟ್ಟರೂ ನಾನು ಹಾಕಿಕೊಳ್ಳಲಾರೆ. ಕಿರಿದಾದ ದಾರಿಯಲ್ಲಿ ಹಿಂದಿನವರು "ಬಲಕ್ಕೆ, ಬಲಕ್ಕೆ" ಎಂದು ಕೂಗಿದ್ದು ಕೇಳಬೇಕಲ್ಲ.

ಓಟದ ನಂತರ ಕಿವಿ ಮಂದವಾದರೆ, ಗುಂಯ್ ಎಂದರೆ, ಎದುರಿಗಿದ್ದವರ ಮಾತು ಹತ್ತಿ ತುರುಕಿದಂತೆ ಕೇಳಿದರೆ, ಒಂದೆರಡು ದಿನದಲ್ಲಿ ಸರಿಹೋಯಿತೆಂದು ಬಿಡಬೇಡಿ. ಅದು ಮರುಕಳಿಸಿದರೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನವರಿಗೆ 1965ರಲ್ಲಿ ಶುರುವಾದ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಹತ್ತಿರದಲ್ಲಿದೆ. ಹಠಾತ್ತಾಗಿ ಒಂದು ಕಿವಿ ಕೇಳದಂತಾದರೆ ಕಾಯಲೇಬೇಡಿ, ಅವತ್ತೇ ವೈದ್ಯರಲ್ಲಿಗೆ ಹೋಗಿ. ಅದಕ್ಕೆ ಚಿಕಿತ್ಸೆ ಬೇಗ ಸಿಕ್ಕಷ್ಟೂ ಒಳ್ಳೆಯದು.

ನಮ್ಮಲ್ಲಿಗೆ ಬಂದವರು ರಿಂಗ್ ರೋಡ್ ಬಿಟ್ಟು ಈಗ ಕೆರೆಯ ಕಡೆ ಬರುತ್ತಾರೆ. ವಾರದಲ್ಲಿ ನಾಲ್ಕು ದಿನ ಬರಿಗಿವಿಯಲ್ಲಿ ಓಡುತ್ತಾರೆ, ಭಾನುವಾರ ಎರಡೂ ಕಿವಿಗೆ ಸಣ್ಣ ದನಿಯಲ್ಲಿ ಏನಾದರೂ ಕೇಳುತ್ತಾರೆ. ಮೊದಲ ಎರಡು ವಾರ ಓಟವೇ ಬೇಸರವಾಗಿತ್ತಂತೆ, ಆಮೇಲೆ ತಮ್ಮ ಎಡಗಾಲು ಬಲಗಾಲಿಗಿಂತ ಭಾರವಾಗಿ ಬೀಳುವುದು ಕಿವಿಗೆ ಬಿತ್ತಂತೆ. 4,000 ಹರ್ಟ್ಜ್‌ನ ಗುಂಡಿ ತುಂಬಿಲ್ಲ, ತುಂಬುವುದೂ ಇಲ್ಲ ಎಂದು ಹೇಳಿದ್ದೇನೆ. ಆರು ತಿಂಗಳ ಮೇಲೆ ತೆಗೆದ ಆಡಿಯೋಗ್ರಾಮ್‌ನಲ್ಲಿ ಅದು ಇನ್ನಷ್ಟು ಇಳಿದಿರಲಿಲ್ಲ. ಗುಂಯ್ ಸದ್ದು ಇದೆ, ಆದರೆ ಫ್ಯಾನ್ ಇಲ್ಲದೆಯೂ ನಿದ್ದೆ ಬರುತ್ತಿದೆ ಎಂದರು.